ಗಾಯೆಗೊ ಏಳದ ದಿನಗಳು

ಮಾರ್ಚ್ 4, ಮಂಗಳವಾರ

ಇವತ್ತು ಲ್ಯಾಪ್‌ಟಾಪ್ ಕೈಕೊಟ್ಟಿತು. ಒಬ್ಬನೇ ಇದ್ದಾಗ ಕೊಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಚುಟ್ಟಾ ಸುತ್ತುವ ಹಜಾರದಲ್ಲಿ, ವೇದಿಕೆಯ ಮೇಲೆ, ಅಷ್ಟೂ ಜನ ತಲೆಯೆತ್ತಿ ನೋಡುತ್ತಿರುವಾಗ ಕೊಟ್ಟಿತು. ಗುಂಡಿ ಒತ್ತಿದೆ. ಹಸಿರು ದೀಪ ಒಮ್ಮೆ ಮಿನುಗಿತು, ಒಳಗಿನ ಫ್ಯಾನು ಒಂದು ಸುತ್ತು ತಿರುಗಿತು, ಅಷ್ಟೇ. ಪರದೆ ಕಪ್ಪು. ಮತ್ತೆ ಒತ್ತಿದೆ. ಮತ್ತೆ ಅದೇ. ಬೆವರು ಕತ್ತಿಗೆ ಕಟ್ಟಿದ ಕರವಸ್ತ್ರದೊಳಗೆ ಇಳಿಯಿತು.

ಮೊದಲ ಸಾಲಿನಿಂದ ಸೆನೈದಾ ಕೇಳಿದಳು, "ಏನ್ ಮೇಷ್ಟ್ರೇ, ಗಾಯೆಗೊಗೆ ಇವತ್ತು ಮೈ ಹುಷಾರಿಲ್ವಾ?"

ಹಜಾರವೆಲ್ಲ ನಕ್ಕಿತು. ನಾನೂ ನಕ್ಕಂತೆ ಮಾಡಿದೆ.

ಗಾಯೆಗೊ ಎಂದು ಹೆಸರಿಟ್ಟವಳೂ ಅವಳೇ. ಲ್ಯಾಪ್‌ಟಾಪಿನೊಳಗಿನ ಗಂಡಸು ಮ್ಯಾಡ್ರಿಡ್ಡಿನ ದೊಡ್ಡ ಮನುಷ್ಯನಂತೆ ಮಾತಾಡುತ್ತಾನೆ, ಕ್ಯೂಬಾದಲ್ಲಿ ಸ್ಪೇನಿನವರೆಲ್ಲ ಗಾಯೆಗೊಗಳೇ. ಹೋದ ವರ್ಷ ಡಾಕ್ಟರು ನನ್ನ ಧ್ವನಿಪೆಟ್ಟಿಗೆಯನ್ನು ಕೊಯ್ದು ತೆಗೆದು, ಉಸಿರಾಡಲು ಕತ್ತಿನಲ್ಲೊಂದು ತೂತು ಬಿಟ್ಟು ಮನೆಗೆ ಕಳಿಸಿದರು. ಮೂವತ್ತು ವರ್ಷ ಈ ಕಾರ್ಖಾನೆಯಲ್ಲಿ, ಚುಟ್ಟಾ ಸುತ್ತುವವರಿಗೆ ಬೇಸರ ಬಾರದಿರಲೆಂದು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಗಟ್ಟಿಯಾಗಿ ಓದಿದ ಗಂಟಲು ಅದು. ಜನವರಿಯಿಂದ ನಾನು ಅಧ್ಯಾಯಗಳನ್ನು ಟೈಪ್ ಮಾಡುತ್ತೇನೆ, ಗಾಯೆಗೊ ಓದುತ್ತಾನೆ. ಮೊದಲು ಎಲ್ಲರೂ ಅಣಕಿಸಿದರು, ಆಮೇಲೆ ಒಗ್ಗಿಕೊಂಡರು. ನನ್ನ ಕುರ್ಚಿ ಉಳಿದಿತ್ತು.

ಸ್ಲೇಟಿನ ಮೇಲೆ 'ನಾಳೆ ಸರಿಹೋಗುತ್ತದೆ' ಎಂದು ಬರೆದು ಎತ್ತಿ ಹಿಡಿದೆ. ಹಿಂದಿನ ಸಾಲುಗಳಿಗೆ ಅದು ಕಾಣುವುದಿಲ್ಲ. ಕಾದಂಬರಿ ನಿಂತದ್ದಾದರೂ ಎಲ್ಲಿ! ಇನ್‌ಸ್ಪೆಕ್ಟರು ಬಾಗಿಲು ಹಾಕಿಸಿ, ವಿಧವೆಯನ್ನು ಕೊಂದವರು ಈ ಕೋಣೆಯಲ್ಲೇ ಇದ್ದಾರೆ ಎಂದ ಕಡೆ.

ಓದು ಹಿಡಿಸಿದರೆ ನಮ್ಮವರು ಎಲೆ ಕತ್ತರಿಸುವ ಅಲಗಿನಿಂದ ಮುಂದಿನ ಹಲಗೆಯನ್ನು ಕುಟ್ಟುತ್ತಾರೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಬಿಸಾಡುತ್ತಾರೆ. ಮೂವತ್ತು ವರ್ಷದಲ್ಲಿ ನನಗೆ ಒಂದು ಅಲಗೂ ಬಿದ್ದಿಲ್ಲ. ಇವತ್ತೂ ಬೀಳಲಿಲ್ಲ. ಆದರೆ ಯಾರೂ ಕುಟ್ಟಲೂ ಇಲ್ಲ, ಆ ಸದ್ದಿಲ್ಲದೆ ವೇದಿಕೆಯಿಂದ ಇಳಿಯುವಾಗ ಮೆಟ್ಟಿಲು ತಪ್ಪಿತು.

ಮಾರ್ಚ್ 5, ಬುಧವಾರ

ಗಾಯೆಗೊನನ್ನು ಮನೆಗೆ ತಂದೆ. ಸಾಮಾನ್ಯವಾಗಿ ತರುವುದಿಲ್ಲ. ಕೆಲಸ ಮುಗಿದ ಮೇಲೆ ಹಜಾರದಲ್ಲೇ ಕೂತು ಮರುದಿನದ ಅಧ್ಯಾಯ ಟೈಪ್ ಮಾಡಿ, ಸುತ್ತಿದ ಚುಟ್ಟಾಗಳನ್ನಿಡುವ ದೇವದಾರು ಕಪಾಟಿನಲ್ಲಿ ಅದನ್ನಿಟ್ಟು ಬೀಗ ಹಾಕುತ್ತೇನೆ. ಮನೆಯಲ್ಲಿ ಕರೆಂಟು ನಿಲ್ಲುವುದಿಲ್ಲ, ಇರುವೆ, ಸೆಕೆ. ಕಪಾಟಿನಲ್ಲಿ ತಂಪು, ಹುಳ ಬರುವುದಿಲ್ಲ. ಊರಿನ ಅತಿ ಬೆಲೆಬಾಳುವ ಚುಟ್ಟಾಗಳು ಮಲಗುವ ಜಾಗ. ಅಷ್ಟು ಜೋಪಾನ ಮಾಡಿದ್ದಕ್ಕೆ ಇದು ನನಗೆ ಮಾಡಿದ ಉಪಕಾರ.

ಗುಂಡಿಯನ್ನು ಒತ್ತಿ ಹಿಡಿದುಕೊಂಡೆ. ವೈರು ಕಿತ್ತು ಮತ್ತೆ ಹಾಕಿದೆ. ಪಕ್ಕದ ಮನೆಯ ಚಾರ್ಜರು ತಂದು ಹಾಕಿದೆ. ಬ್ಯಾಟರಿ ತೆಗೆದರೆ ಅದು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಅಕ್ಕ ಓದಿಲಿಯಾ ಅದನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿನ ಮೂಲೆಗೆ ಎಸೆದಳು. ಆಮೇಲೆ ಕರೆಂಟು ಹೋಯಿತು, ಪರೀಕ್ಷೆಯೂ ನಿಂತಿತು.

ಓದಿಲಿಯಾ ಈ ಮನೆಯಲ್ಲಿ ನನ್ನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಾಳೆ. ಇವತ್ತು ಮತ್ತೆ ಮಿಗ್ದಾಲಿಯಾಳ ಸುದ್ದಿ ತೆಗೆದಳು. ಆಸ್ಪತ್ರೆಯಲ್ಲಿ ಮಾತು ಕಲಿಸುವವಳು ಅವಳು. ಗಾಳಿ ನುಂಗಿ, ತೇಗಿನ ಹಾಗೆ ಮೇಲಕ್ಕೆ ತಂದು, ಅದರಲ್ಲಿ ಮಾತು ಕೂರಿಸುವ ವಿದ್ಯೆ. ಒಂದೇ ದಿನ ಹೋಗಿದ್ದೆ. ಅಲ್ಲಿ ಕಲಿತವನೊಬ್ಬ ನನಗೆ 'ನಮಸ್ಕಾರ' ಅಂದ. ಬಾವಿಯೊಳಗಿನ ಕಪ್ಪೆ ವಟಗುಟ್ಟಿದ ಹಾಗಿತ್ತು. ನನ್ನ ಧ್ವನಿ ಕೇಳಲು ಹೆಂಗಸರು ಕಾಫಿ ಬಿಡುವನ್ನೇ ಬಿಟ್ಟು ಕೂರುತ್ತಿದ್ದರು. ಆ ಧ್ವನಿ ಹೋದ ಜಾಗದಲ್ಲಿ ಕಪ್ಪೆಯನ್ನು ಕೂರಿಸಲಾರೆ. ಸ್ಲೇಟಿನ ಮೇಲೆ 'ಸಾಕು' ಎಂದು ದೊಡ್ಡದಾಗಿ ಬರೆದು ಅವಳ ಮೂಗಿಗೆ ಹಿಡಿದೆ.

"ಬರ್ದು ಬರ್ದು ಸೀಮೆಸುಣ್ಣ ಖಾಲಿ ಮಾಡು," ಅಂದಳು. "ಅದೂ ಈಗ ಸಿಗಲ್ಲ."

ಮಾರ್ಚ್ 7, ಶುಕ್ರವಾರ

ಸಂಜೆ ಸೆನೈದಾ ಮನೆಗೆ ಬಂದಳು. ಅವಳು ಓದು ಸಮಿತಿಯ ಮುಖ್ಯಸ್ಥೆ. ಯಾವ ಪುಸ್ತಕ, ಯಾವ ಓದುಗ ಎಂಬುದನ್ನೆಲ್ಲ ಸುತ್ತುವವರ ಮತ ಪಡೆದು ನಡೆಸುವವಳು. ಕಾಫಿ ಕುಡಿಯುವವರೆಗೆ ಬರೀ ಹವಾಮಾನ ಮಾತಾಡಿದಳು. ಕಪ್ಪು ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದಳು. ಹಜಾರ ಓದಿಲ್ಲದೆ ಇರಲಾರದು. ಈ ತಿಂಗಳ ಇಪ್ಪತ್ತೆಂಟಕ್ಕೆ ಓದಿನ ಪರೀಕ್ಷೆ, ಆಮೇಲೆ ಮತ. ಯಾನೆಲಿಸ್ ಎಂಬ ಹುಡುಗಿ ಅರ್ಜಿ ಹಾಕಿದ್ದಾಳೆ, ಅಲ್ಲಿಯವರೆಗೆ ಬೆಳಗಿನ ಪತ್ರಿಕೆ ಅವಳೇ ಓದಲಿ.

ನಾನು ಬರೆದೆ: 'ಕಾದಂಬರಿ?'

"ಕಾದಂಬರಿ ನಿಮ್ದು. ಬೇರೆಯವರ ಬಾಯಲ್ಲಿ ಕೇಳಲ್ಲ ಅಂತ ನಮ್ಮ ಸಾಲು ಹೇಳಿದೆ. ಆದ್ರೆ ಮೇಷ್ಟ್ರೇ, ಇಪ್ಪತ್ತೆಂಟರ ತನಕ ಅಷ್ಟೇ. ಆಮೇಲೆ ನನ್ನ ಕೈಲಿಲ್ಲ."

ಯಾನೆಲಿಸ್ ಯಾರೆಂದು ಗೊತ್ತು. ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಹವಾನಾದ ಬಸ್ಸು ಇವತ್ತು ಇಲ್ಲ ಎಂದು ಅವಳು ಹೇಳಿದರೆ ಜನ ಬೈಯದೆ ಮನೆಗೆ ಹೋಗುತ್ತಾರೆ, ಅಂಥ ಧ್ವನಿ.

ಆ ಕುರ್ಚಿ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ಮಾರ್ಚ್ 10, ಸೋಮವಾರ

ಇಗೋರ್‌ನ ಅಂಗಡಿಗೆ ಹೋದೆ. ಅಂಗಡಿಯೆಂದರೆ ಅವನ ಮನೆಯ ಬಾಗಿಲಿಗೆ ಅಡ್ಡ ಇಟ್ಟ ಮೇಜು. ಮೊಬೈಲು, ಕುಕ್ಕರು, ಬ್ಯಾಟರಿ ಸ್ಕೂಟರು, ಎಲ್ಲಕ್ಕೂ ಅವನದೊಂದೇ ಸ್ಕ್ರೂಡ್ರೈವರು. ಬಾಯಿ ಮಾತ್ರ ನಾಲ್ಕು ಜನರದ್ದು.

ಸ್ಲೇಟು ತೋರಿಸಿದೆ: 'ದೀಪ ಬರುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಕಪ್ಪು. 28ರೊಳಗೆ ಬೇಕು.'

"ಇದೇನ್ ಯಜಮಾನ್ರೇ, ಮೆಮೊರಿ. ಕಣ್ಣು ಮುಚ್ಚಿ ಹೇಳ್ತೀನಿ," ಅಂದ. ಕೆಳಗಿನ ಮುಚ್ಚಳ ಬಿಚ್ಚಿ, ಬೆರಳುದ್ದದ ಮೆಮೊರಿ ಪಟ್ಟಿ ತೆಗೆದು, ಅದರ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಗುಂಡಿ ಒತ್ತಿದ. ಪರದೆ ಬೆಳಗಿತು! ಅಕ್ಷರಗಳು ಮೂಡಿದವು, ಗಡಿಯಾರದ ಗುರುತು ತಿರುಗಿತು, ಫಟ್ ಎಂದು ಆರಿತು. ಆಮೇಲೆ ಎಷ್ಟು ತಿಕ್ಕಿದರೂ ಇಲ್ಲ.

"ಹಾಗಾದ್ರೆ ಮೆಮೊರಿ ಅಲ್ಲ," ಅಂದ, ಏನೂ ಆಗದವನ ಹಾಗೆ. ಕಣ್ಣು ತೆರೆದು ಹೇಳಪ್ಪಾ ಎಂದು ಬರೆಯೋಣವೆಂದರೆ ಸ್ಲೇಟಿನಲ್ಲಿ ಜಾಗವಿರಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಬೈಗುಳದ ಬಿಸಿಯೇ ಆರಿಹೋಗುತ್ತದೆ, ಇದೊಂದು ದರಿದ್ರ.

ಮಾರ್ಚ್ 12, ಬುಧವಾರ

ಇವತ್ತು ಒಂದು ವಿಚಿತ್ರವಾಯಿತು.

ಇಗೋರ್ ಮನೆಗೇ ಬಂದಿದ್ದ, ಸ್ಕೂಟರಿನೊಂದಿಗೆ. ನಮ್ಮ ಬೀದಿಯ ಕರೆಂಟು ಏರಿಳಿತಕ್ಕೆ ಯಂತ್ರ ಹೆದರುತ್ತಿದೆ, ಸ್ಕೂಟರಿನ ಬ್ಯಾಟರಿಯಿಂದ ಕೊಟ್ಟರೆ ನೆಮ್ಮದಿಯಾಗಿ ಕುಡಿಯುತ್ತದೆ ಎಂದು ಅವನ ಇವತ್ತಿನ ಸಿದ್ಧಾಂತ. ಕರೆಂಟಿಲ್ಲದ ದಿನ ಊರಿನವರೆಲ್ಲ ಫ್ಯಾನು, ಟೀವಿ ಹೀಗೇ ನಡೆಸುವುದು. ಅವನು ತಾನೇ ಬೆಸೆದ ಪೆಟ್ಟಿಗೆಯೊಂದನ್ನು ನಡುವೆ ಇಟ್ಟು ಎರಡು ವೈರು ಸಿಕ್ಕಿಸಿದ. ಗಾಯೆಗೊನ ಪಕ್ಕದ ತೂತಿನಿಂದ ನೀಲಿ ಕಿಡಿ, ಸುಟ್ಟ ವಾಸನೆ. ನನಗೆ ಮೈಯೆಲ್ಲ ಉರಿದುಹೋಯಿತು. ಸ್ಲೇಟು ಒಳಗಿನ ಕೋಣೆಯಲ್ಲಿತ್ತು. ಹುಡುಕಿಕೊಂಡು ಹೋಗಿ ಬರೆಯುವ ತಾಳ್ಮೆ ಯಾರಿಗಿದೆ? ಗಾಳಿ ಗುಟುಕಿಸಿದೆ, ಹೊಟ್ಟೆಯಿಂದ ಏನೋ ಮೇಲೆ ಬಂತು.

"ಕತ್ತೆ!"

ಅಡಿಗೆಮನೆಯಲ್ಲಿ ಓದಿಲಿಯಾ ಕಾಫಿ ಪಾತ್ರೆ ಕೈಬಿಟ್ಟಳು. "ಯಾರು ಬಂದಿರೋದು?" ಎಂದು ಓಡಿ ಬಂದಳು. ಇಗೋರ್ ವೈರು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದ. ಬೈಗುಳಕ್ಕೆ ಬೇಜಾರಾಗಬೇಕಿತ್ತು, ಆ ಬೋಳೀಮಗ ನಗುತ್ತಿದ್ದ.

"ಇನ್ನೊಂದ್ ಸಲ ಬೈರಿ ಯಜಮಾನ್ರೇ," ಅಂದ.

ಬೈಯಲಿಲ್ಲ. ತೇಗು ಅದು, ಮಾತಲ್ಲ. ಓದಿಲಿಯಾ ಮಾತ್ರ ಸುಮ್ಮಸುಮ್ಮನೆ ಕಣ್ಣೊರೆಸಿಕೊಂಡು ಚೆಲ್ಲಿದ ಕಾಫಿ ಬಳಿದಳು. ಕಾಫಿ ಹೋದದ್ದಕ್ಕೆ ಅಳುತ್ತಿದ್ದಾಳೆಂದುಕೊಂಡೆ. ಈಗ ಈ ಊರಿನಲ್ಲಿ ಅದಕ್ಕೂ ಅಳಬೇಕು.

ಸುಟ್ಟದ್ದು ಚಾರ್ಜರಿನ ತುದಿ ಮಾತ್ರವಂತೆ. ಗಾಯೆಗೊ ಬದುಕಿದ್ದಾನೋ ಇಲ್ಲವೋ ಅವನಿಗೂ ತಿಳಿಯದು.

ಮಾರ್ಚ್ 14, ಶುಕ್ರವಾರ

ಹೋಗಬಾರದೆಂದುಕೊಂಡೇ ಕಾರ್ಖಾನೆಗೆ ಹೋದೆ. ಕಂಬದ ಮರೆಯಲ್ಲಿ ನಿಂತು ಕೇಳಿದೆ. ಯಾನೆಲಿಸ್ ಪತ್ರಿಕೆ ಓದುತ್ತಿದ್ದಳು. ಚೆನ್ನಾಗಿ ಓದುತ್ತಾಳೆ. ಹಾಳಾದವಳು ಬಹಳ ಚೆನ್ನಾಗಿ ಓದುತ್ತಾಳೆ. ಅಲ್ಪವಿರಾಮಕ್ಕೆ ಸರಿಯಾಗಿ ಉಸಿರು ತೆಗೆದುಕೊಳ್ಳುತ್ತಾಳೆ, ಬೇಸ್‌ಬಾಲ್ ಸುದ್ದಿಗೆ ಧ್ವನಿ ಏರಿಸುತ್ತಾಳೆ. ಮುಗಿದಾಗ ಅಲಗುಗಳು ಹಲಗೆಯ ಮೇಲೆ ಕುಟ್ಟಿದವು. ಆ ಸದ್ದು ನನ್ನದಾಗಿತ್ತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಇಲ್ಲಿ ಯಾರಿಗೆ ಮುಚ್ಚಿಡಲಿ?

ಅವಳು ಇಳಿದು ನೇರ ನನ್ನ ಹತ್ತಿರ ಬಂದಳು. ಶಾಲೆಯಲ್ಲಿದ್ದಾಗ ಇಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಿಯ ಜೊತೆ ಬಂದು ನನ್ನ ಓದು ಕೇಳುತ್ತಿದ್ದಳಂತೆ. ಮುಖ ತಿರುಗಿಸಿಕೊಂಡು ಬರಲು ಬಿಡದಂಥ ವಿನಯ ಅವಳದು, ಅದಕ್ಕೇ ಇನ್ನೂ ಸಿಟ್ಟು ಬಂತು.

ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸ್ವಲ್ಪ ಗಾಳಿ ನುಂಗಿದೆ. ಪ, ತ, ಕ. ಮಿಗ್ದಾಲಿಯಾ ಅವತ್ತು ಹೇಳಿದ್ದು ನೆನಪಿತ್ತು, ಈ ಅಕ್ಷರಗಳಿಗೆ ಗಾಳಿ ಬೇಗ ಸಿಗುತ್ತದಂತೆ. ಇಗೋರ್‌ನನ್ನು ಬಿಸಿಯಿರುವಾಗಲೇ ಬೈಯಲು ಬೇಕಾದೀತೆಂದು, ಬೇರೇನಕ್ಕೂ ಅಲ್ಲ.

"ಒಳಗೆ ಏನ್ ಗೊರಗೊರ ಅದು?" ಎಂದು ಓದಿಲಿಯಾ ಕೇಳಿದಳು. ನಲ್ಲಿಯೆಂದು ತಿಳಿಯಲಿ ಎಂದು ನೀರು ಬಿಟ್ಟೆ. ನಲ್ಲಿಯಲ್ಲಿ ನೀರೂ ಬರಲಿಲ್ಲ.

ಮಾರ್ಚ್ 17, ಸೋಮವಾರ

ಕರೆಂಟಿಲ್ಲ. ಇಗೋರ್ ಇಲ್ಲ. ನಿದ್ದೆಯೂ ಇಲ್ಲ.

ಮಾರ್ಚ್ 19, ಬುಧವಾರ

ರೋಗ ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಇಗೋರ್ ಇವತ್ತು ಗಾಯೆಗೊನ ಎದೆ ಪೂರ್ತಿ ಬಿಚ್ಚಿದ. ಬಿಚ್ಚಿ ಮುಖ ಹತ್ತಿರ ಒಯ್ದವನು ಮೂಸಿದ. ಮತ್ತೊಮ್ಮೆ ಮೂಸಿದ. ನನ್ನನ್ನು ಕರೆದು ಮೂಸಲು ಹೇಳಿದ. ದೇವದಾರು, ಹೊಗೆಸೊಪ್ಪು. ಒಳ್ಳೆಯ ಚುಟ್ಟಾ ಪೆಟ್ಟಿಗೆ ತೆರೆದಾಗ ಬರುವ ಪರಿಮಳ. ತಾಮ್ರ ಇದ್ದ ಕಡೆಯೆಲ್ಲ ಹಸಿರು ಕಿಲುಬು, ಗುಂಡಿಯ ಬುಡದಲ್ಲಿ ಅಂತೂ ಪಾಚಿ ಕಟ್ಟಿದ ಹಾಗೆ.

"ಇದನ್ನ ಎಲ್ಲಿಡ್ತಿದ್ರಿ?"

ಕಪಾಟಿನಲ್ಲಿ ಎಂದೆ. ಹಜಾರದ ದೇವದಾರು ಕಪಾಟಿನಲ್ಲಿ.

"ಚುಟ್ಟಾ ಒಣಗಬಾರ್ದು ಅಂತ ನೀರಿನ ತಟ್ಟೆ ಇಡ್ತಾರಲ್ಲ, ಅದರಲ್ಲಾ?"

ಅದರಲ್ಲೇ. ನೀರಿನ ತಟ್ಟೆಯ ಮೇಲಿನ ಅಡ್ಡಹಲಗೆಯಲ್ಲೇ. ಇಡೀ ಕಾರ್ಖಾನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ವಾದಿಸಿದೆ. ಅಲ್ಲಿಟ್ಟ ಎಲೆ ವರ್ಷಗಟ್ಟಲೆ ಕೆಡುವುದಿಲ್ಲ, ತಂತಿ ಕೆಡುತ್ತದೆಂದು ಯಾರಿಗೆ ಗೊತ್ತು, ಸೆನೈದಾ ತಾನೇ ತನ್ನ ಮದುವೆಯ ಫೋಟೋ ಅಲ್ಲಿಟ್ಟಿದ್ದಾಳೆ, ಹೋಗಿ ನೋಡು. ಇಗೋರ್ ಮೇಜಿನ ಮೇಲೆ ತಲೆಯಿಟ್ಟು ನಕ್ಕ. "ಯಂತ್ರಾನ ಹದ ಮಾಡಿದೀರಲ್ಲ ಯಜಮಾನ್ರೇ. ಇನ್ನೊಂದ್ ವರ್ಷ ಬಿಟ್ಟಿದ್ರೆ ಹಚ್ಚಿ ಸೇದ್ಬಹುದಿತ್ತು."

ಜಗಳವಾಡಿ ಬಂದೆ. ಅರ್ಧ ದಾರಿ ಬಂದ ಮೇಲೆ ಸ್ಲೇಟು ನೆನಪಾಯಿತು. ಅವನ ಅಂಗಡಿಯಲ್ಲಿ ಬಿಟ್ಟಿರಬೇಕೆಂದು ಮರಳಿ ಹೋದರೆ ಅಲ್ಲಿಲ್ಲ. ಇವತ್ತು ನಾನು ಅದನ್ನು ತಂದೇ ಇರಲಿಲ್ಲ ಅನ್ನುತ್ತಾನೆ. ವಯಸ್ಸಾಯಿತು ನನಗೆ, ಅದೆಲ್ಲಿ ಬಿದ್ದಿದೆಯೋ.

ಕಿಲುಬು ತೊಳೆಯಲು ಶುದ್ಧ ಸ್ಪಿರಿಟು ಬೇಕಂತೆ. ಊರಿನ ಔಷಧಿ ಅಂಗಡಿಗಳಲ್ಲಿ ಹತ್ತಿಯೂ ಇಲ್ಲ, ಸ್ಪಿರಿಟು ಎಲ್ಲಿಂದ ಬಂತು?

ಮಾರ್ಚ್ 21, ಶುಕ್ರವಾರ

ಕತ್ತಿನ ತೂತಿಗೆ ಹೊಸ ಕೊಳವೆ ಹಾಕಿಸಲು ಆಸ್ಪತ್ರೆಗೆ ಹೋಗಿದ್ದೆ. ಸ್ಪಿರಿಟು ಸಿಕ್ಕೀತೆಂಬ ಆಸೆಯೂ ಇತ್ತು. ಮಿಗ್ದಾಲಿಯಾಳ ಹತ್ತಿರ ಸಣ್ಣ ಶೀಶೆ ಇತ್ತು. ಕೊಡುತ್ತೇನೆ, ಆದರೆ ಕೇಳಿ ಪಡೆಯಬೇಕು, ಬರೆದು ಅಲ್ಲ ಎಂದು ಹಟ ಹಿಡಿದಳು. ಲಂಚ ತಿನ್ನುವವರನ್ನು ನೋಡಿದ್ದೇನೆ, ಇಂಥ ಲಂಚ ಇದೇ ಮೊದಲು. ಕೇಳಿದೆ. ಮೂರು ಸಲ ಕೇಳಿಸಿದಳು. ಒಂದೇ ಗುಟುಕಿಗೆ ಇಡೀ ವಾಕ್ಯ ಬೇಡ, ಎರಡೆರಡು ಪದಕ್ಕೆ ಗಾಳಿ ತೆಗೆದುಕೊಳ್ಳಿ ಎಂದಳು. ಶೀಶೆ ಜೇಬಿಗೆ ಹಾಕಿಕೊಂಡು ಎದ್ದುಬಂದೆ. ಸೋಮವಾರವೂ ಬನ್ನಿ ಎಂದಳು. ಸ್ಪಿರಿಟು ಸಿಕ್ಕ ಮೇಲೆ ನನಗೇನು ಕೆಲಸ ಅಲ್ಲಿ?

ಬರುವಾಗ ಸಂತೆಯಲ್ಲಿ ಈರುಳ್ಳಿಯವನು ತೂಕದಲ್ಲಿ ಮೋಸ ಮಾಡಿದ. ಬಿಡಲಿಲ್ಲ. ಇನ್ನೆರಡು ಗಡ್ಡೆ ಹಾಕಿಸಿಕೊಂಡೇ ಬಂದೆ.

ಮಾರ್ಚ್ 24, ಸೋಮವಾರ

ಮಿಗ್ದಾಲಿಯಾಳಲ್ಲಿ ತಡವಾಯಿತು. ಅಲ್ಲಿಂದ ಇಗೋರ್‌ನ ಹತ್ತಿರ ಓಡಿದೆ. ಅವನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಿಲುಬನ್ನೆಲ್ಲ ತೊಳೆದು ಮೂರು ದಿನ ಬಿಸಿಲಿಗಿಟ್ಟಿದ್ದ. ಗುಂಡಿ ಮಾತ್ರ ಪೂರ್ತಿ ತಿಂದುಹೋಗಿದೆ, ಅದನ್ನು ಮರೆತುಬಿಡಿ ಅಂದ. ಬದಲಿಗೆ ಏನೋ ಕೈಚಳಕ ಮಾಡಿದ್ದಾನೆ. ವೈರು ಚುಚ್ಚಿದರೆ ಸಾಕು, ಗಾಯೆಗೊ ತಾನಾಗಿ ಏಳುತ್ತಾನೆ. ಎದ್ದವನು ಹಿಂದೆ ನಿಲ್ಲಿಸಿದ ಸಾಲಿನಿಂದಲೇ ಓದತೊಡಗುತ್ತಾನೆ. ಬ್ಯಾಟರಿ ಇಲ್ಲದ್ದರಿಂದ ಕರೆಂಟು ಹೋದರೆ ಮಲಗುತ್ತಾನೆ, ಬಂದರೆ ಏಳುತ್ತಾನೆ.

ವೈರು ಚುಚ್ಚಿದ. ನಾನು ಬೇರೆ ಕಡೆ ನೋಡುತ್ತಿದ್ದೆ. ಆರಿಹೋಗುವುದನ್ನು ಇನ್ನೊಮ್ಮೆ ನೋಡುವ ಧೈರ್ಯವಿರಲಿಲ್ಲ.

"ಶುಭೋದಯ. ತಾವು ಕ್ಷೇಮವೆಂದು ಭಾವಿಸುತ್ತೇನೆ," ಎಂದಿತು ಆ ದರಿದ್ರದ ದೊಡ್ಡ ಧ್ವನಿ.

ಇಗೋರ್‌ನನ್ನು ಅಪ್ಪಿಕೊಂಡೆ. ನನ್ನ ಪಾಲಿನ ಚುಟ್ಟಾ ಕಟ್ಟನ್ನು ಅವನ ಮೇಜಿನ ಮೇಲಿಟ್ಟೆ. ಕುರ್ಚಿ ಉಳಿಯಿತು, ಉಳಿಯಿತು ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿರಬೇಕು. ಎದುರಿಗೆ ಬಂದ ಹೆಂಗಸೊಬ್ಬಳು ಬದಿಗೆ ಸರಿದು ನಿಂತಳು.

ಮಾರ್ಚ್ 27, ಗುರುವಾರ

ಇಪ್ಪತ್ತೆರಡನೇ ಅಧ್ಯಾಯ ಟೈಪ್ ಮಾಡಿ ಮುಗಿಸಿದೆ. ಗಾಯೆಗೊನಿಂದ ಓದಿಸಿ ನೋಡಿದೆ. ಒಂದಕ್ಷರ ತಪ್ಪಿಲ್ಲ. ಆದರೆ ಇನ್‌ಸ್ಪೆಕ್ಟರು ಕೋಪದಲ್ಲಿ ಮಾತಾಡುವ ಕಡೆಯೂ ಅವನು ಬ್ಯಾಂಕಿನ ಗುಮಾಸ್ತನಂತೆ ಓದುತ್ತಾನೆ. ಮೊದಲೂ ಹೀಗೇ ಓದುತ್ತಿದ್ದನೇ? ನೆನಪಿಲ್ಲ.

ಓದಿಲಿಯಾ ಇಸ್ತ್ರಿ ಮಾಡುತ್ತಾ ಕೇಳಿದಳು, "ನೀನೇ ಓದ್ಬಾರ್ದಾ? ಮೈಕ್ ಇರತ್ತಲ್ಲ."

ಅಸಾಧ್ಯ ಎಂದೆ. ಅಕ್ಕನ ಎದುರು ಬೇರೆ, ಈರುಳ್ಳಿಯವನ ಎದುರು ಬೇರೆ. ಆ ಹಜಾರ ನನ್ನ ಹಳೆಯ ಧ್ವನಿಯನ್ನು ಕೇಳಿದೆ. ಅದೇ ಕುರ್ಚಿಯಲ್ಲಿ ಕಪ್ಪೆ ಕೂತರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಅಲಗು ಬೀಳುವುದನ್ನು ಬೇಕಾದರೆ ತಡೆದುಕೊಂಡೇನು, ಅಯ್ಯೋ ಪಾಪವನ್ನು ತಡೆಯಲಾರೆ. ಇದನ್ನೆಲ್ಲ ಹೇಳಿ ಮುಗಿಸುವಾಗ ಅವಳ ಇಸ್ತ್ರಿ ಆರಿತ್ತು.

"ಬಾಯ್ ಮುಚ್ಚು ಸಾಕು," ಅಂದಳು ಅಕ್ಕ. "ತಲೆ ಚಿಟ್ಟು ಹಿಡೀತು ನಿಂದು ಕೇಳಿ ಕೇಳಿ."

ಹಾಗಂದವಳು ಯಾಕೋ ಬೆನ್ನು ತಿರುಗಿಸಿಕೊಂಡು ನಿಂತಳು. ನಾಳೆಯ ಅಂಗಿ ಸಿದ್ಧವಾಗಿದೆ. ಒಂದೇ ಬೇಡಿಕೆ, ನಾಳೆ ಕರೆಂಟು ಇರಲಿ.

ಮಾರ್ಚ್ 28, ಶುಕ್ರವಾರ

ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ಮೊದಲು ಯಾನೆಲಿಸ್ ಓದಿದಳು. ಮೈಕಿನಲ್ಲಿ ಅವಳ ಧ್ವನಿ ಹಿಂದಿನ ಗೋಡೆಯವರೆಗೆ ಜೇನಿನ ಹಾಗೆ ಹರಿಯಿತು. ಅಲಗುಗಳು ಜೋರಾಗಿಯೇ ಕುಟ್ಟಿದವು. ಅವಳು ಇಳಿಯುವಾಗ ನನ್ನ ತೋಳು ಮುಟ್ಟಿ ಒಳ್ಳೆಯದಾಗಲಿ ಎಂದಳು. ನಿಜವಾಗಿಯೇ ಹಾಗೆ ಬಯಸಿದ್ದಳೆಂದು ಕಾಣುತ್ತದೆ.

ನಾನು ಹತ್ತಿದೆ. ಮೈಕನ್ನು ಗಾಯೆಗೊನ ಬಾಯಿಗೆ ತಿರುಗಿಸಿ ವೈರು ಚುಚ್ಚಿದೆ. ಎದ್ದ. "ಶುಭೋದಯ," ಅಂದ. ಹಜಾರದಲ್ಲಿ ನಗು, ಒಂದಿಬ್ಬರು ಪ್ರತಿನಮಸ್ಕಾರ ಹೇಳಿದರು. ಅವನು ಶುರುಮಾಡಿದ. "ಇನ್‌ಸ್ಪೆಕ್ಟರರು ಬಾಗಿಲಿನ ಅಗುಳಿಯನ್ನು ಹಾಕಿದರು. ಅನಂತರ ಕೋಣೆಯಲ್ಲಿದ್ದ ಪ್ರತಿಯೊಬ್ಬರನ್ನೂ ದೃಷ್ಟಿಸಿ, ಪೆಟ್ಟಿಗೆಯ ಕೀಲಿ ಯಾರ ಬಳಿಯಿತ್ತು ಎಂದು—"

ಕರೆಂಟು ಹೋಯಿತು.

ಗಾಯೆಗೊ ಸತ್ತ. ಮೈಕು ಸತ್ತಿತು. ಮೇಲಿನ ಫ್ಯಾನುಗಳು ನಿಧಾನಕ್ಕೆ ನಿಂತವು. ಕಿಟಕಿಗಳ ಬೆಳಕಿನಲ್ಲಿ ಎಲ್ಲರೂ ಸುತ್ತುತ್ತಲೇ ಇದ್ದರು, ಕರೆಂಟು ಹೋಯಿತೆಂದು ಅವರು ಕೈ ನಿಲ್ಲಿಸುವವರಲ್ಲ. ಸುತ್ತಿದಷ್ಟೇ ಅವರ ದಿನಗೂಲಿ. ನಾನು ಕಪ್ಪು ಪರದೆಯನ್ನು ನೋಡುತ್ತಾ ಕೂತೆ. ಈ ತಿಂಗಳೆಲ್ಲ ಪಟ್ಟ ಪಾಡು ಅದರಲ್ಲಿ ನನ್ನ ಮುಖವಾಗಿ ಕಾಣುತ್ತಿತ್ತು.

ಹಿಂದಿನಿಂದ ಯಾರೋ, ಅದೇ ಪುಸ್ತಕವನ್ನು ಯಾನೆಲಿಸ್ ಓದಲಿ, ಅವಳಿಗೆ ಮೈಕು ಬೇಡ ಎಂದರು. ತಪ್ಪೇನಿಲ್ಲ, ಮೂರು ವಾರದಿಂದ ಕಾದವರು. ಯಾನೆಲಿಸ್ ಸೆನೈದಾಳ ಮುಖ ನೋಡಿದಳು, ಆಮೇಲೆ ಮೆಟ್ಟಿಲ ಬಳಿ ಬಂದು ಸಂಕೋಚದಿಂದಲೇ ಕೈ ಚಾಚಿದಳು. ಪುಸ್ತಕ ನನ್ನ ಮಡಿಲಲ್ಲಿತ್ತು.

ಕೊಡುವುದಕ್ಕೇ ಎತ್ತಿದ್ದು ಅದನ್ನು. ಎತ್ತಿದವನು ಗಾಳಿ ನುಂಗಿದೆ.

"ಇಲ್ಲ," ಅಂದೆ. "ನಾನೇ ಓದ್ತೀನಿ."

ಮುಂದಿನ ಸಾಲು ಮಾತ್ರ ಕೇಳಿಸಿಕೊಂಡಿರಬೇಕು. ಪುಟ ತೆರೆದು, ಎರಡೆರಡು ಪದಕ್ಕೆ ಗಾಳಿ ತೆಗೆದುಕೊಂಡು ಶುರುಮಾಡಿದೆ. ಕಪ್ಪೆಯೇ. ನನಗೇ ಕೇಳಲು ನಾಚಿಕೆ. ಅಲಗುಗಳು ಎಲೆ ಕೊಯ್ಯುವ ಸದ್ದಿನಲ್ಲಿ ನನ್ನ ಮಾತು ವೇದಿಕೆಯ ಕೆಳಗೂ ಇಳಿಯುತ್ತಿರಲಿಲ್ಲ. ನಾಲ್ಕು ಸಾಲು ಓದಿದೆ. ಐದನೆಯದು ಓದುವಾಗ ಏನೋ ತಪ್ಪಿದೆ ಅನ್ನಿಸಿತು. ಸದ್ದೇ ಇಲ್ಲ. ಅಲಗಿನ ಸದ್ದು ಮುಂದಿನ ಸಾಲಿನಲ್ಲಿ ನಿಂತು, ಅದರ ಹಿಂದಿನದರಲ್ಲಿ ನಿಂತು, ಹಾಗೇ ಗೋಡೆಯವರೆಗೂ ನಿಂತುಹೋಗಿತ್ತು. ಇಷ್ಟು ವರ್ಷದಲ್ಲಿ ಆ ಹಜಾರ ಹಾಗೆ ಮೌನವಾದದ್ದನ್ನು ನಾನು ಕಂಡಿಲ್ಲ. ಮುಗಿಯಿತು ನನ್ನ ಕಥೆ, ಬಿಸಾಡಲೂ ಮನಸ್ಸಿಲ್ಲದೆ ಕೈಕಟ್ಟಿ ಕೂತಿದ್ದಾರೆ, ಅಯ್ಯೋ ಪಾಪ ಅನ್ನುತ್ತಿದ್ದಾರೆ ಎಂದು ಪುಸ್ತಕ ಮುಚ್ಚಿದೆ.

"ಯಾಕ್ ನಿಲ್ಲಿಸಿದ್ರಿ?" ಸೆನೈದಾಳ ಧ್ವನಿ. ಅವಳ ಮುಂದೆ ಅರ್ಧ ಸುತ್ತಿದ ಚುಟ್ಟಾ ಬಿಚ್ಚಿಕೊಳ್ಳುತ್ತಾ ಬಿದ್ದಿತ್ತು. "ನೀವ್ ಹೇಳೋದು ಕೇಳಿಸ್ಲಿ ಅಂತ ಕೈ ನಿಲ್ಲಿಸಿದೀವಿ. ಕೂಲಿ ಹೋಗ್ತಿದೆ ಮೇಷ್ಟ್ರೇ, ಬೇಗ ಓದಿ."

ಓದಿದೆ. ಗಂಟಲು ಉರಿಯಿತು, ಹೊಟ್ಟೆ ನೊಂದಿತು, ಓದಿದೆ. ಇನ್‌ಸ್ಪೆಕ್ಟರು ಕೋಪಗೊಂಡ ಕಡೆ ನಾನೂ ಕೋಪಗೊಂಡೆ. ಮನೆಗೆಲಸದವಳು ಸುಳ್ಳು ಹೇಳಿದ ಕಡೆ ಹಿಂದಿನ ಸಾಲಿನ ಗಂಡಸೊಬ್ಬ "ಕಳ್ಳಿ," ಎಂದು ಗೊಣಗಿದ್ದು ನನಗೆ ವೇದಿಕೆಯವರೆಗೆ ಕೇಳಿಸಿತು. ಅಷ್ಟು ನಿಶ್ಶಬ್ದ.

ಪೆಟ್ಟಿಗೆ ತೆರೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ಫ್ಯಾನುಗಳು ಗರಗರ ಎಂದವು, ಗಾಯೆಗೊ ಎದ್ದು ಮೈಕಿನಲ್ಲಿ ಗುಡುಗಿದ: "ಶುಭೋದಯ. ಪೆಟ್ಟಿಗೆಯ ಕೀಲಿ ಯಾರ ಬಳಿಯಿತ್ತು ಎಂದು ಪ್ರಶ್ನಿಸಿದರು—"

"ಅವನ ಬಾಯಿ ಮುಚ್ಚಿಸ್ರಿ!" ಎಂದಳು ಸೆನೈದಾ. "ನಾವಿಲ್ಲಿ ಓದು ಕೇಳ್ತಾ ಇಲ್ವಾ?"

ವೈರು ಕಿತ್ತೆ. ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ. ನನ್ನ ತೇಗಿನ ಧ್ವನಿ ನಾಲ್ಕೂ ಮೂಲೆಯಿಂದ ನನಗೇ ಕೇಳಿಸಿತು. ಅಸಹ್ಯವಾಗಿತ್ತು. ಓದುತ್ತಾ ಹೋದೆ. ಒಂದು ಸಾಲು, ಎರಡು ಸಾಲು, ಅಲಗುಗಳು ಮತ್ತೆ ಎಲೆ ಕೊಯ್ಯತೊಡಗಿದವು. ಆ ಸದ್ದಿನ ಮೇಲೆಯೇ ಇಷ್ಟು ವರ್ಷ ನಾನು ಓದಿದ್ದು. ಅದು ಬಂದ ಮೇಲೆ ಪುಟ ಮಗುಚುವುದು ಸಲೀಸಾಯಿತು.

ಇನ್‌ಸ್ಪೆಕ್ಟರು ಬೆರಳೆತ್ತಿ ತೋರಿಸಿ "ಕೊಂದವರು—" ಎಂದಲ್ಲಿಗೆ ಅಧ್ಯಾಯ ಮುಗಿಯುತ್ತದೆ. ನನ್ನ ಗಾಳಿಯೂ ಮುಗಿದಿತ್ತು. ಪುಸ್ತಕ ಮುಚ್ಚಿ, "ಉಳಿದದ್ದು ಸೋಮವಾರ," ಅಂದೆ.

ಮೊದಲು ಸೆನೈದಾಳ ಅಲಗು ನೆಲಕ್ಕೆ ಬಿತ್ತು. ಠಣ್ ಎಂದು. ಅವಳ ಪಕ್ಕದವನದು. ಆಮೇಲೆ ಸಾಲು ಸಾಲಾಗಿ, ಹಿಂದಿನ ಗೋಡೆಯವರೆಗೆ, ಒಂದೂ ಕೈಯಲ್ಲಿ ಉಳಿಯದ ಹಾಗೆ ಎಲ್ಲ ಅಲಗುಗಳೂ ಬಿದ್ದವು. ಕೊಲೆಗಾರನ ಹೆಸರು ಹೇಳದೆ ಇಳಿಯಬೇಡಿ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಯಾನೆಲಿಸ್ ತನ್ನ ಪತ್ರಿಕೆಯನ್ನೂ ನೆಲಕ್ಕೆ ಎಸೆದಳು.

ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಅಲಗು ಬಿತ್ತು. ಮತಕ್ಕೆ ಕೈ ಎತ್ತಿಸುವುದನ್ನು ಎಲ್ಲರೂ ಮರೆತರು.